ತೊಟ್ಟಿಗಿಳಿದ ಪಚ್ಚೆ

ಒಡವೆ ಕೆಲಸದವರ ಬೀದಿಯಲ್ಲಿ ಈ ಕಥೆಯನ್ನು ಹೇಳುವವರು ಅನೇಕರಿದ್ದಾರೆ. ಉಂಗುರದ ಕಲ್ಲು ಅವರೆಕಾಳಿನಷ್ಟಿತ್ತೆಂದು ಕೆಲವರು, ಹೆಸರುಕಾಳನ್ನು ಮೀರಿರಲಿಲ್ಲವೆಂದು ಕೆಲವರು. ಅಂದು ಅಂಗಡಿಯೊಳಗೇ ಕುಳಿತು ತನ್ನ ಬಳೆ ತೂಗುವುದನ್ನು ಕಾಯುತ್ತಿದ್ದ ನರ್ಸ್ ಒಬ್ಬರು ಹೇಳಿದ ರೂಪವನ್ನೇ ಇಲ್ಲಿ ಅನುಸರಿಸಿದ್ದೇನೆ. ಉಳಿದವರು ನಗುತ್ತ ಹೇಳುವ ಕಡೆಗಳಲ್ಲಿ ಆಕೆ ಒಮ್ಮೆಯೂ ನಗಲಿಲ್ಲ.

ಅಕ್ಕ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುವವಳು, ತಂಗಿ ಹೊಲಿಗೆಯವಳು. ತಾಯಿ ಕಣ್ಣು ಮುಚ್ಚುವ ಮುನ್ನ ತನ್ನ ಪಚ್ಚೆಯ ಉಂಗುರವನ್ನು ಅಕ್ಕನ ಕೈಯಲ್ಲಿಟ್ಟು, “ಇದು ಚಿಕ್ಕವಳಿಗೆ. ಅವಳದೇ ಅಂತ ಒಂದು ಅಂಗಡಿ ಆದ ದಿನ ಕೊಡು” ಎಂದಿದ್ದಳು. ವರ್ಷಗಳ ಮೇಲೆ ಆ ದಿನ ಬಂದಿತು. ಆದರೆ ಕಲ್ಲಿನ ಅಡಿಯಲ್ಲಿ ತಾಯಿಯ ಕಾಲದ ಸೋಪು, ಹಿಟ್ಟು, ಬೆವರು ಕೂತು ಹಸಿರು ಮಂಕಾಗಿತ್ತು. ಹಳೆಯ ಬ್ರಷ್ ಹಿಡಿದು ಬಂದ ತಂಗಿಯನ್ನು ಅಕ್ಕ ತಡೆದಳು.

“ಬ್ರಷ್ ಮುಟ್ಟಿಸ್ಬೇಡ ಕಣೇ. ಒಡವೆ ಅಂಗಡೀಲಿ ಅಲ್ಟ್ರಾಸಾನಿಕ್ ತೊಟ್ಟಿ ಇದೆ. ನೀರಲ್ಲಿ ಬರೀ ಶಬ್ದ ಓಡಾಡುತ್ತೆ, ಅದೂ ನಮ್ಮ ಕಿವಿಗೆ ಕೇಳದ ಶಬ್ದ. ಕಲ್ಲನ್ನ ಯಾವುದೂ ಉಜ್ಜೋದೇ ಇಲ್ಲ.”

“ಶಬ್ದದಿಂದ ಕೊಳೆ ಹೋಗೋ ಹಾಗಿದ್ರೆ, ನಮ್ಮತ್ತೆ ಬಾಯಿಗೆ ಮನೆ ಪಾತ್ರೆಯೆಲ್ಲ ಫಳಫಳ ಅನ್ಬೇಕಿತ್ತು” ಎಂದಳು ತಂಗಿ. ಇಬ್ಬರೂ ನಗುತ್ತಲೇ ಹೊರಟರು.

ಅಂಗಡಿಯ ಯಜಮಾನ ಉಂಗುರವನ್ನು ಬೆಳಕಿಗೆ ಹಿಡಿದು, “ಒಳ್ಳೇ ಪಚ್ಚೆ ತಾಯಿ. ತೊಳೆಯೋದು ನಮ್ಮಲ್ಲಿ ಪುಕ್ಕಟೆ” ಎಂದು, ಯಾರದೋ ವಜ್ರದ ಓಲೆಗಳ ಜೊತೆಗೆ ಅದನ್ನೂ ಜಾಲರಿ ಬುಟ್ಟಿಯಲ್ಲಿಟ್ಟು ತೊಟ್ಟಿಗಿಳಿಸಿದ. ಬುತ್ತಿ ಡಬ್ಬಿಯಷ್ಟೇ ಇದ್ದ ಆ ಸ್ಟೀಲಿನ ತೊಟ್ಟಿ ಬಿಸಿ ಹೆಂಚಿನ ಮೇಲೆ ನೀರು ಚಿಮುಕಿಸಿದಂತೆ ಸುಯ್ಯೆಂದಿತು.

ಶ್ರವಣಾತೀತ ತರಂಗಗಳ ಸ್ವಭಾವ ಹೀಗಿದೆ: ಅವು ನೀರನ್ನು ಎಡೆಬಿಡದೆ ಹಿಗ್ಗಿಸಿ ಕುಗ್ಗಿಸುತ್ತವೆ. ಹಿಗ್ಗಿದಾಗ ಕಣ್ಣಿಗೆ ಕಾಣದ ಗುಳ್ಳೆಗಳು ಹುಟ್ಟುತ್ತವೆ, ಕುಗ್ಗಿದಾಗ ಒಡೆಯುತ್ತವೆ. ಒಡೆದ ಪ್ರತಿಯೊಂದು ಗುಳ್ಳೆಯೂ ಒಂದು ಪುಟ್ಟ ಗುದ್ದು. ಆ ಗುದ್ದಿಗೆ ಸಂದುಗೊಂದಿನ ಕೊಳೆ ಎದ್ದುಬರುತ್ತದೆ. ವಜ್ರ ಇದನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಪಚ್ಚೆ ಹಾಗಲ್ಲ, ಹೆಚ್ಚಿನ ಪಚ್ಚೆಗಳಲ್ಲಿ ಹುಟ್ಟಿನಿಂದಲೇ ಕೂದಲೆಳೆಯ ಸೀಳುಗಳಿರುತ್ತವೆ. ಅವು ಕಾಣದಿರಲೆಂದು ಎಣ್ಣೆ ಊಡಿಸಿರುತ್ತಾರೆ. ಬೆಚ್ಚನೆಯ ಸೋಪುನೀರೂ ಗುದ್ದೂ ಸೇರಿದರೆ ಎಣ್ಣೆ ಹೊರಬಿದ್ದು ಅಲ್ಲಿ ಗಾಳಿ ಹೊಗುತ್ತದೆ, ಅಡಗಿದ್ದ ಸೀಳುಗಳೆಲ್ಲ ಬೆಳ್ಳಗೆ ಹೊಳೆಯತೊಡಗುತ್ತವೆ. ಅಕ್ಕನಿಗೆ ಶಬ್ದ ಗೊತ್ತಿತ್ತು, ಕಲ್ಲು ಗೊತ್ತಿರಲಿಲ್ಲ, ಅದನ್ನು ಕ್ಷಮಿಸಬಹುದು. ಆ ಬೀದಿಯಲ್ಲೇ ಹುಟ್ಟಿ ಬೆಳೆದ ಯಜಮಾನನಿಗೆ ಎರಡೂ ಗೊತ್ತಿದ್ದವು. ಅವನು ಬುಟ್ಟಿ ಇಳಿಸಿದ್ದು ಉದಾಸೀನದಿಂದ. ಆಮೇಲೆ ಆಡಿದ ಮಾತನ್ನು ಮಾತ್ರ ತಿಳಿದೇ ಆಡಿದ.

ಉಂಗುರ ಹೊರಗೆ ಬಂದಾಗ ಚಿನ್ನ ಹೊಸದರಂತಿತ್ತು. ಕಲ್ಲು ಕಲ್ಲೇಟು ಬಿದ್ದ ಕಿಟಕಿಯ ಗಾಜಿನಂತೆ ಬಿಳಿ ಗೆರೆಗಳಿಂದ ತುಂಬಿಹೋಗಿತ್ತು.

“ಇದು ಪಚ್ಚೆ ಅಲ್ಲ ತಾಯಿ, ಗಾಜು” ಎಂದ ಯಜಮಾನ, ಮಸೂರವನ್ನು ಕಣ್ಣಿಂದ ತೆಗೆಯದೆ. “ಅಸಲಿಗೆ ನಮ್ಮ ತೊಟ್ಟೀಲಿ ಏನೂ ಆಗಲ್ಲ. ಯಾರೋ ಕಲ್ಲು ಬದಲಾಯಿಸಿದಾರೆ. ಇಷ್ಟು ವರ್ಷ ಯಾರ ಹತ್ರ ಇತ್ತು?”

ತಂಗಿ ಮೆಲ್ಲನೆ ಅಕ್ಕನ ಕಡೆ ತಿರುಗಿದಳು. “ನಿನ್ನ ಹತ್ರಾನೇ ಇತ್ತಲ್ವಾ ಅಕ್ಕಾ?”

“ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂತೀಯಲ್ಲೇ!”

“ನಾನೇನೂ ಅನ್ನಲಿಲ್ಲಪ್ಪ. ಕೇಳ್ದೆ ಅಷ್ಟೆ.”

ಅಕ್ಕನ ಮುಖ ಕೆಂಪೇರಿತು. ಅವಳು ಯಜಮಾನನತ್ತ ಹೊರಳಿದಳು. “ಈಗ ತಾನೇ ಒಳ್ಳೇ ಪಚ್ಚೆ ಅಂದ ನಾಲಿಗೆ ಯಾವುದು ಸ್ವಾಮಿ? ನಮ್ಮ ಕಾಲೇಜಿನಲ್ಲಿ ಗಾಜಿನ ಸಾಮಾನೆಲ್ಲ ಇಂಥ ತೊಟ್ಟೀಲೇ ತೊಳೆಯೋದು. ಒಂದಕ್ಕೂ ಹೀಗೆ ಆಗಿಲ್ಲ. ಅದನ್ನ ನಂಬೇ ನಾನು ಇಲ್ಲಿಗೆ ತಂದೆ. ಗಾಜಾಗಿದ್ರೆ ಹೇಗೆ ಹೋಯ್ತೋ ಹಾಗೇ ಎದ್ದು ಬರ್ತಿತ್ತು!”

“ಮೇಡಂ, ಪಾಠ ಕಾಲೇಜಲ್ಲಿ ಮಾಡಿ. ಕಲ್ಲಿನ ವಿಷಯ ನಮಗೆ ಬಿಡಿ.”

ಹಾಗೆನ್ನುತ್ತ ಕೈ ಬೀಸಿದಾಗ ಅವನ ಬೆರಳಲ್ಲೂ ಒಂದು ಹಸಿರು ಮಿಂಚಿತು.

“ಅದೇನದು ಬೆರಳಲ್ಲಿ?” ಎಂದಳು ಅಕ್ಕ.

“ಪಚ್ಚೆ. ನಮ್ಮಪ್ಪಂದು.”

“ಅಸಲೀನಾ?”

“ಇನ್ನೇನು ಮತ್ತೆ?”

“ಹಾಗಾದ್ರೆ ಬಿಚ್ಚಿ ತೊಟ್ಟಿಗೆ ಹಾಕಿ. ಅಸಲಿಗೆ ಏನೂ ಆಗಲ್ಲ ಅಂದ್ರಲ್ಲ.”

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಇತ್ತ ತಿರುಗಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಜಮಾನನ ಎಡಗೈ ತಾನಾಗಿಯೇ ಹೋಗಿ ಬಲಗೈ ಉಂಗುರವನ್ನು ಮುಚ್ಚಿತು.

“ಇದು... ಹಳೇ ಕಲ್ಲಮ್ಮ.”

“ನಮ್ಮಮ್ಮಂದೇನು ನಿನ್ನೆ ಮೊಳೆತದ್ದಾ?”

ಯಜಮಾನ ದನಿ ತಗ್ಗಿಸಿದ. “ಒಳಗೆ ಬನ್ನಿ ಮೇಡಂ, ಹೊಸ ಕಲ್ಲು ಕೂರಿಸಿಕೊಡ್ತೀನಿ.”

“ಕಲ್ಲು ಯಾರಿಗೆ ಬೇಕು? ಇಷ್ಟು ಜನರ ಮುಂದೆ ನನ್ನ ಕಳ್ಳಿ ಮಾಡಿದ್ರಲ್ಲ, ಇದೇ ಜನರ ಮುಂದೆ ಅಲ್ಲ ಅನ್ನಿ.”

ಅವನ ತುಟಿ ಅಲುಗಿತು, ಮಾತು ಮಾತ್ರ ಯಾರ ಕಿವಿಗೂ ಬೀಳಲಿಲ್ಲ.

“ಅದು ನಿಮ್ಮ ತೊಟ್ಟಿಗೆ ಅರ್ಥ ಆದೀತು. ಮನುಷ್ಯರ ಕಿವಿಗೆ ಬೀಳೋ ಹಾಗೆ ಹೇಳಿ.”

“ಕಲ್ಲು ಅಸಲಿ” ಎಂದ ಯಜಮಾನ, ಎಲ್ಲರಿಗೂ ಕೇಳುವಂತೆ. “ಯಾರೂ ಬದಲಾಯಿಸಿಲ್ಲ. ಪಚ್ಚೇನ ತೊಟ್ಟಿಗೆ ಹಾಕಬಾರದಿತ್ತು. ಹಾಕಿದ್ದು ನಾನು.”

ಬೀದಿಯವರು ಇಲ್ಲಿಗೆ ಚಪ್ಪಾಳೆ ತಟ್ಟಿ ಕಥೆ ಮುಗಿಸುತ್ತಾರೆ. ನರ್ಸ್ ಮುಗಿಸಲಿಲ್ಲ.

ಮೆಟ್ಟಿಲಿಳಿಯುವಾಗ ತಂಗಿ ಅಕ್ಕನ ತೋಳು ಹಿಡಿದಳು. “ತಪ್ಪಾಯ್ತು ಕಣೇ. ಬಾ, ನನ್ನ ಅಂಗಡಿ ಬಾಗಿಲು ನೀನೇ ತೆಗೀಬೇಕು.”

ಅಕ್ಕ ಉಂಗುರವನ್ನು ತಂಗಿಯ ಬೆರಳಿಗೆ ತೊಡಿಸಿದಳು. “ಅಮ್ಮ ಕೊಡು ಅಂದಿದ್ಳು, ಕೊಟ್ಟಿದೀನಿ. ಅವನು ತನ್ನ ತಪ್ಪು ಮುಚ್ಚಿಕೊಳ್ಳೋಕೆ ಸುಳ್ಳು ಹೇಳ್ದ. ನೀನು ಯಾವ ತಪ್ಪು ಮುಚ್ಚಿಕೊಳ್ಳೋಕೆ ನನ್ನ ಕಡೆ ತಿರುಗಿದೆ?”

ಅಕ್ಕ ಎದುರಿಗೆ ಬಂದ ಬಸ್ಸು ಹತ್ತಿದಳು. ಹೊಸ ಅಂಗಡಿಯ ಬಾಗಿಲನ್ನು ತಂಗಿ ತಾನೇ ತೆಗೆದಳು.

ಆಮೇಲೆ ಕಲ್ಲಿಗೆ ಮತ್ತೆ ಎಣ್ಣೆ ಊಡಿಸಿದರಂತೆ, ಅಕ್ಕತಂಗಿಯರು ಒಂದಾದರಂತೆ ಎಂದು ಕೆಲವರು ಹೇಳುವುದುಂಟು. ಅದನ್ನು ಕೇಳಿದಾಗ ನರ್ಸ್ ಎಂದದ್ದಿಷ್ಟು: “ಎಣ್ಣೆ ಊಡಿಸಿದ್ದು ನಿಜ. ಹಸಿರು ತಿರುಗಿ ಬಂದಿದ್ದೂ ನಿಜ. ಅಕ್ಕ ಮಾತ್ರ ಇವತ್ತಿನವರೆಗೂ ತಂಗಿ ಅಂಗಡೀಲಿ ಒಂದು ಬಟ್ಟೆಗೂ ಅಳತೆ ಕೊಟ್ಟಿಲ್ಲ.”