ಮೋಟಾರು ತಿರುಗಿದರೆ ಆರುವ ಬೋರ್ಡು

ನಾನು ಒಣಬಟ್ಟೆಯಲ್ಲಿ ಮೇಜು ಒರೆಸುತ್ತಿದ್ದೆ. ಅಂಗೈಯಗಲದ ಎಲೆಕ್ಟ್ರಾನಿಕ್ ಬೋರ್ಡು, ಅದಕ್ಕೆ ಜೋಡಿಸಿದ್ದ ಪುಟ್ಟ ಮೋಟಾರು ತಿರುಗಿದೊಡನೆ ಮತ್ತೆ ಆರಿಹೋಯಿತು. ಮೂರು ದಿನದಿಂದ ಇದೇ ಕಥೆ. ಇಬ್ಬರು ಇಂಜಿನಿಯರುಗಳು ಅದರ ಮುಂದೆ ಕೂತಿದ್ದರು.

"ನಿಮ್ಮ ಪ್ರೋಗ್ರಾಮಿನಲ್ಲೇ ತಪ್ಪಿದೆ," ಎಂದರು ಕನ್ನಡಕದವರು.

"ನಿಮ್ಮ ಬೋರ್ಡಿನ ಚಿಪ್ಪೇ ಸೋಮಾರಿ. ನನ್ನ ತಂಟೆಗೆ ಬರಬೇಡಿ," ಎಂದರು ಗಡ್ಡದವರು.

ಸಾಹೇಬರು ಒಳಗೆ ಬಂದರು. "ಈ ಹುಡುಗಿ ಒದ್ದೆ ಬಟ್ಟೆ ಆಡಿಸಿ ಬೋರ್ಡಿನೊಳಗೆ ನೀರು ಹೋಗಿರಬೇಕು. ನಾಳೆಯಿಂದ ಕ್ಲೀನಿಂಗಿಗೆ ಬೇರೆಯವರನ್ನ ನೋಡೋಣ."

ಮೂರು ದಿನದಲ್ಲಿ ಮೊದಲ ಸಲ ಇಬ್ಬರೂ ಒಟ್ಟಿಗೆ ತಲೆಯಾಡಿಸಿದರು.

ಬೋರ್ಡಿಗೆ ಕರೆಂಟು ಬರುತ್ತಿದ್ದುದು ಸಾಹೇಬರು ಮನೆಯಿಂದ ತಂದುಕೊಟ್ಟ ನೂಲಿನಷ್ಟು ತೆಳ್ಳಗಿನ, ಉದ್ದನೆಯ ಚಾರ್ಜರ್ ವೈರಿನಿಂದ. ಅದೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಇಂಜಿನಿಯರುಗಳು ಬದಲಾಯಿಸಿದ್ದರು. ಸಾಹೇಬರ ವೈರನ್ನು ಅನುಮಾನಿಸುವಷ್ಟು ಓದು ಅಲ್ಲಿ ಯಾರಿಗೂ ಇರಲಿಲ್ಲ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆದರೆ ನಮ್ಮನೆಯಲ್ಲೂ ಅಂಥದೇ ವೈರಿದೆ. ಫೋನು ಸುಮ್ಮನಿದ್ದರೆ ಚಾರ್ಜು ಏರುತ್ತದೆ, ವಿಡಿಯೋ ಹಾಕಿದರೆ ಇಳಿಯುತ್ತದೆ. ಹೆಚ್ಚು ಕರೆಂಟು ಬೇಕಾದಾಗ ಅಂಥ ತೆಳ್ಳನೆ ವೈರು ಸಾಲದು.

ಹೇಗೂ ಕೆಲಸ ಹೋಗುವುದರಲ್ಲಿತ್ತು. ಬಾಯಿಬಿಟ್ಟೆ.

"ಸರ್, ಈ ವೈರೊಂದನ್ನ ಬದಲಾಯಿಸಿ ನೋಡ್ತೀರಾ?"

ಗಡ್ಡದವರು ವೈರನ್ನು ನೋಡಿದರು, ಸಾಹೇಬರನ್ನು ನೋಡಿದರು, ಆಮೇಲೆ ತಮ್ಮ ಕಂಪ್ಯೂಟರನ್ನು ನೋಡತೊಡಗಿದರು.