ಹೇಳಬೇಕಾದವರಿಗೆ ಹೇಳಿದ್ದು

ದೋಣಿಗಲ್ಲಿನ ಚೌರಪ್ಪ ದೇವರನ್ನು ಮೊದಲಿನಿಂದಲೂ ನಂಬಿದವನೇ. ಆದರೆ ಪೂರ್ತಿ ಭಾರ ಹೊರಿಸಿದ್ದು ಮಾತ್ರ ಈ ವರ್ಷ, ಚರ್ಚಿನ ಧ್ಯಾನಕೂಟ ಮುಗಿಸಿ ಬಂದ ಮೇಲೆ. "ಕೈಲಿ ಬಿಗಿಹಿಡಿದಿರುವುದನ್ನೆಲ್ಲ ದೇವರಿಗೆ ಬಿಟ್ಟುಬಿಡಿ" ಎಂದಿದ್ದರು ಫಾದರ್. ಎಸ್ಟೇಟಿನ ಜೀಪು ಓಡಿಸುವ ಚೌರಪ್ಪನಿಗೆ ಈ ಮಾತು ಬಹಳ ಹಿಡಿಸಿತು. ಯಾಕೆಂದರೆ ಅವನು ಯಾರ ಮುಂದೆಯೂ ಕೈಯೊಡ್ಡಿದವನಲ್ಲ. ಮನೆಯಲ್ಲಿ ಉಪ್ಪು ಮುಗಿದರೆ ಸಪ್ಪೆ ಸಾರು ಉಂಡು ಏಳುತ್ತಿದ್ದನೇ ಹೊರತು ಪಕ್ಕದ ಮನೆಯಲ್ಲಿ ಕೇಳುತ್ತಿರಲಿಲ್ಲ. ದೇವರನ್ನು ಕೇಳಿದರೆ ಮರ್ಯಾದೆ ಹೋಗುವುದಿಲ್ಲವಲ್ಲ!

ಅದೇ ಹೊತ್ತಿಗೆ ಮಗಳು ಆಗ್ನೆಸಳ ನಿಶ್ಚಿತಾರ್ಥಕ್ಕೆ ದಿನ ಗೊತ್ತಾಯಿತು. ಪಾಳ್ಯದಿಂದ ಗಂಡಿನ ಕಡೆಯವರು ಬರುವುದು, ಊಟ ಹೆಣ್ಣಿನ ಮನೆಯದು.

"ಅಡುಗೆಗೆ ಹೇಳಿದ್ರಾ?" ಎಂದು ಹೆಂಡತಿ ಸೆಲಿನಮ್ಮ ಕೇಳಿದಳು.

"ಹೇಳ್ಬೇಕಾದೋರಿಗೆ ಹೇಳಿವ್ನಿ. ನೀನು ಸುಮ್ಕಿರು."

ಹೇಳಬೇಕಾದವರೆಂದರೆ ಸಕಲೇಶಪುರದ ಅಡುಗೆಯ ಸುರೇಂದ್ರ ಎಂದು ಆಕೆ ತಿಳಿದಳು. ಚೌರಪ್ಪ ಹೇಳಿದ್ದು ಸುರೇಂದ್ರನಿಗಿಂತ ಮೇಲಿನವರಿಗೆ. ದಿನವೂ ಜಪಸರ ಮುಗಿದ ಮೇಲೆ "ಸ್ವಾಮಿ, ಆ ಊಟದ ವಿಷಯ" ಎಂದು ನೆನಪಿಸುತ್ತಲೂ ಇದ್ದ.

ನಿಶ್ಚಿತಾರ್ಥದ ದಿನ ನೆಂಟರು ಬಂದರು, ಕಾಫಿ ಕುಡಿದರು, ಉಂಗುರ ಬದಲಾಯಿತು. ಒಲೆ ಮಾತ್ರ ತಣ್ಣಗಿತ್ತು. ಸುರೇಂದ್ರ ಸಕಲೇಶಪುರದಿಂದಲೇ ಊಟ ಮಾಡಿ ತರುತ್ತಾನೆಂದು ಸೆಲಿನಮ್ಮ ದಾರಿ ಕಾಯುತ್ತಿದ್ದಳು.

"ಸುರೇಂದ್ರ ಎಲ್ರೀ?"

"ಯಾವ ಸುರೇಂದ್ರ?"

ವಿಷಯ ತಿಳಿದು ಸೆಲಿನಮ್ಮ ಮಾತೆ ಮರಿಯಳನ್ನೂ ತನ್ನ ತವರಿನವರನ್ನೂ ಒಟ್ಟಿಗೇ ಕೂಗಿದಳು. ಸಕಲೇಶಪುರದಿಂದ ತರಿಸೋಣವೆಂದರೆ, ಗಂಡಿನ ಕಡೆಯ ಜೀಪುಗಳು ದಾಟಿದ ಮೇಲೆ ರಸ್ತೆಗಡ್ಡ ಟ್ಯಾಂಕರ್ ಮಗುಚಿ ಬಿದ್ದಿತ್ತು. ಹೆದ್ದಾರಿಯ ಹೋಟೆಲುಗಳನ್ನು ಸಿಕ್ಕಿಬಿದ್ದ ಬಸ್ಸಿನವರು ಆಗಲೇ ಬರಿದು ಮಾಡಿದ್ದರು.

"ಅವ್ರನ್ನ ಹಸ್ದ ಹೊಟ್ಟೇಲೇ ಕಳಿಸ್ತೀಯೇನಪ್ಪ?" ಎಂದಳು ಆಗ್ನೆಸ್. ಕಣ್ಣು ತುಂಬಿತ್ತು.

ಚೌರಪ್ಪ ಹಿತ್ತಿಲಿಗೆ ಹೋಗಿ ಕಾಫಿ ಗಿಡಗಳ ನಡುವೆ ಮೊಣಕಾಲೂರಿದ. ಕಣ್ಣು ಮುಚ್ಚಿದೊಡನೆ ಹೋಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಬೇಲಿಯಾಚೆ ಮಹಾದೇವಯ್ಯನ ಮನೆ. ಅಲ್ಲಿ ಮೊಮ್ಮಗನಿಗೆ ಹೆಸರಿಡುವ ಶಾಸ್ತ್ರ. ಅವರ ನೆಂಟರೂ ಟ್ಯಾಂಕರಿನ ಆಚೆಯೇ ಸಿಕ್ಕಿಬಿದ್ದಿದ್ದರು. ಆದರೆ ಮಹಾದೇವಯ್ಯನ ಹಸು ಚೌರಪ್ಪನ ಬೀನ್ಸ್ ಮೇಯ್ದ ದಿನದಿಂದ ಎರಡು ಮನೆಗೂ ಮಾತಿಲ್ಲ.

"ಸ್ವಾಮಿ, ಎಲ್ಲಿಂದಾದ್ರೂ ಕೊಡು. ಆ ಮನೆಯಿಂದ ಮಾತ್ರ ಬ್ಯಾಡ," ಎಂದು ಚೌರಪ್ಪ ಬೇಡಿಕೊಂಡ.

ಗಾಳಿ ಬೀಸಿತು. ಹೋಳಿಗೆಯ ಜೊತೆಗೆ ಈಗ ಒಬ್ಬಟ್ಟಿನ ಸಾರಿನ ವಾಸನೆಯೂ ಬಂತು.

ಚೌರಪ್ಪನಿಗೆ ಸಿಟ್ಟೇ ಬಂತು. ಆಮೇಲೆ ನಾಚಿಕೆಯಾಯಿತು. ಅಡುಗೆ, ಒಲೆ, ಪಾತ್ರೆ ಎಲ್ಲವನ್ನೂ ದೇವರಿಗೆ ಬಿಟ್ಟಿದ್ದ; ಬಿಗುಮಾನ ಒಂದನ್ನು ಮಾತ್ರ ತಾನೇ ಇಟ್ಟುಕೊಂಡಿದ್ದ. ಎದ್ದು ಮಣ್ಣು ಕೊಡವಿಕೊಂಡು ಬೇಲಿ ದಾಟಿದ.

ಮಹಾದೇವಯ್ಯ ಮುಚ್ಚಿಟ್ಟ ಪಾತ್ರೆಗಳ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

"ಮಹಾದೇವಯ್ಯ..." ಎಂದು ಚೌರಪ್ಪ ಕರೆದ. "ನಂಗೆ ಊಟ ಬೇಕಾಗೈತೆ. ಮೂವತ್ತು ಜನಕ್ಕೆ."

ಮಹಾದೇವಯ್ಯ ಅವನನ್ನೇ ನೋಡಿದ. "ಬರೀ ಮೂವತ್ತಾ? ಇನ್ನೊಂದಷ್ಟು ಜನ ಸಿಗಾಕಿಲ್ವೇನೋ ಮಾರಾಯ?"

ಪಾತ್ರೆಗಳು ಬೇಲಿ ದಾಟಿದವು. ಹಿಂದೆಯೇ ಮಗುವನ್ನೆತ್ತಿಕೊಂಡು ಮಹಾದೇವಯ್ಯನ ಮನೆಮಂದಿಯೂ ಬಂದರು. ಹಂದಿ ಸಾರಿನ ಆಸೆಯಲ್ಲಿ ಬೆಳಗಿನ ತಿಂಡಿಯನ್ನೇ ಬಿಟ್ಟು ಬಂದಿದ್ದ ಗಂಡಿನ ಸೋದರಮಾವ ಎಲೆಯ ಮೇಲಿನ ಕೋಸಂಬರಿಯನ್ನು ಅನುಮಾನದಿಂದ ನೋಡಿದ. ಚೌರಪ್ಪ ಊಟದ ಪ್ರಾರ್ಥನೆಗೆ ನಿಂತ.

"ಸ್ವಾಮಿ, ಈ ಊಟ ಕೊಟ್ಟಿದ್ದಕ್ಕೆ ಸ್ತೋತ್ರ. ಇದನ್ನ ಮಾಡಿಸಿದ..." ಅಲ್ಲಿಗೆ ನಿಂತುಬಿಟ್ಟಿತು. ಸೆಲಿನಮ್ಮ ಕೆಮ್ಮಿದಳು. "...ಮಾಡಿಸಿದ ನಮ್ಮ ಮಹಾದೇವಯ್ಯನ್ನ ಚೆನ್ನಾಗಿಟ್ಟಿರು. ಆಮೆನ್."

ಎಲ್ಲರೂ ಎಲೆಗೆ ಕೈ ಹಾಕಿದರು. ಸೌಟು ಹಿಡಿದು ನಿಂತಿದ್ದ ಮಹಾದೇವಯ್ಯ ಮಾತ್ರ ಕದಲಲಿಲ್ಲ.

"ಅಷ್ಟಕ್ಕೇ ಮುಗಿಸ್ಬುಟ್ಟೆಯೇನೋ? ನಮ್ ಮಗೀಗೂ ಒಂದ್ ಮಾತು ಕೇಳ್ಕೊಳೋ."

ಚೌರಪ್ಪ ಮತ್ತೆ ಕಣ್ಣು ಮುಚ್ಚಿದ. ತುಂಬಿ ಬಂದದ್ದನ್ನು ನೆಂಟರು ನೋಡಬಾರದಲ್ಲ.