ಆರೋಗ್ಯವಂತನ ರಕ್ತ

ಯಕೃತ್ತಿನಲ್ಲಿ ವರ್ಷಗಟ್ಟಲೆ ಬಿಡಾರ ಹೂಡಿದ ಹೆಪಟೈಟಿಸ್ ವೈರಸ್ ಮೇಲೆ ಇಂಟರ್‌ಫೆರಾನ್ ಎಂಬ ಔಷಧಿ ಬಿಟ್ಟರೆ, ರಕ್ತದ ಕಾವಲು ಕೋಶಗಳು ಎದ್ದು ಕೂರುತ್ತವೆಯೋ, ಮಗ್ಗುಲು ಬದಲಿಸಿ ಮತ್ತೆ ಮಲಗುತ್ತವೆಯೋ? ಇದು ಪ್ರೊಫೆಸರರ ಸಂಶೋಧನೆ. ಸೂಜಿ ಚುಚ್ಚಿಸಿಕೊಂಡವರಿಗೆ ಜ್ವರ, ಮೈಕೈ ನೋವು, ಕಾರಣವಿಲ್ಲದ ಅಳು. ಈ ಔಷಧಿಗಿಂತ ರೋಗವೇ ವಾಸಿ ಎಂದು ವಾರ್ಡಿನಲ್ಲಿ ಒಬ್ಬ ಬಸ್ ಡ್ರೈವರ್ ಗೊಣಗಿದಾಗ, ಪ್ರೊಫೆಸರರು ಸಹನೆಯ ಮೇಲೆ ಉದ್ದದ ಭಾಷಣ ಬಿಗಿದರು. ಚುಚ್ಚಿಸಿಕೊಳ್ಳುವವರು ಬೇರೆಯವರಾದರೆ ಸಹನೆಗೇನು ಬರ!

ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕಲ್ಲ. ಅದಕ್ಕೆ ಲ್ಯಾಬಿನವರೇ ಸರದಿಯ ಮೇಲೆ ತೋಳು ಚಾಚುವುದು ಅಲ್ಲಿನ ಪದ್ಧತಿ. ಕೊಡುವವರಿಗೆ ಮೊದಲು ವೈರಸ್ ಪರೀಕ್ಷೆ ಕಡ್ಡಾಯ. ಆ ನಿಯಮ ಮಾಡಿದವರೂ ಪ್ರೊಫೆಸರರೇ. ಅವರದೇ ಸರದಿ ಬಂದಾಗ ಸಂಶೋಧನಾ ವಿದ್ಯಾರ್ಥಿನಿ ಪರೀಕ್ಷೆಯ ಮಾತೆತ್ತಿದರೆ ನಕ್ಕುಬಿಟ್ಟರು. ಕಲ್ಲು ತಿಂದು ಕರಗಿಸಿಕೊಳ್ಳುವ ದೇಹ ತಮ್ಮದು, ಹುಟ್ಟಿದಾರಭ್ಯ ಹಾಸಿಗೆ ಹಿಡಿದದ್ದಿಲ್ಲ, ತಮಗೇನು ಪರೀಕ್ಷೆ ಎಂದರು. ಗೈಡ್ ಜೊತೆ ವಾದಿಸಲು ಅವಳೇನು ಹುಚ್ಚಿಯೇ? ತೆಪ್ಪಗೆ ರಕ್ತ ಎಳೆದಳು.

ಫಲಿತಾಂಶ ಬಂದಾಗ ಆರೋಗ್ಯವಂತರ ಸಾಲಿನಲ್ಲಿ ಒಂದೇ ಒಂದು ಎಡವಟ್ಟು. ಪ್ರೊಫೆಸರರ ಕಾವಲು ಕೋಶಗಳು ರೋಗಿಗಳ ಕೋಶಗಳಂತೆಯೇ ಸೋತು ಸುಣ್ಣವಾಗಿದ್ದವು. ಶುರುವಾಯಿತು ನೋಡಿ. ಟ್ಯೂಬು ಅದಲುಬದಲಾಗಿದೆ, ಫ್ರಿಜ್ ಕೆಟ್ಟಿದೆ, ಈಗಿನವರಿಗೆ ಮೈಮೇಲೆ ಪ್ರಜ್ಞೆಯೇ ಇಲ್ಲ ಎಂದು ವಿದ್ಯಾರ್ಥಿನಿಗೆ ಎಲ್ಲರೆದುರು ಮಂಗಳಾರತಿಯಾಯಿತು. ಅವಳು ಕಣ್ಣೊರೆಸಿಕೊಂಡು ಮತ್ತೊಮ್ಮೆ ರಕ್ತ ತೆಗೆದಳು. ಮತ್ತೆ ಅದೇ.

"ಸರ್, ವೈರಸ್ ಪರೀಕ್ಷೆ ಒಂದು ಮಾಡಿಬಿಡೋಣ," ಎಂದಳು, ನೆಲ ನೋಡುತ್ತ.

ಮಾಡಿದರು. ವೈರಸ್ ಇತ್ತು, ಬೇಕಾದಷ್ಟಿತ್ತು. ಊರವರ ರಕ್ತದಲ್ಲೆಲ್ಲ ತಡಕಾಡಿ ಹುಡುಕಿದ್ದು ಪ್ರೊಫೆಸರರ ಹೊಟ್ಟೆಯಲ್ಲೇ ಯಾವ ಲಕ್ಷಣವನ್ನೂ ತೋರಿಸದೆ ತಣ್ಣಗೆ ಸಂಸಾರ ಹೂಡಿತ್ತು. ಸಂಶೋಧನೆಯ ದೃಷ್ಟಿಯಿಂದ ಸೊಗಸಾದ ಮಾದರಿ.

ತಮ್ಮ ಪಾಡು ಹೇಗೋ ಆಗುತ್ತದೆ, ಮನೆಯಲ್ಲಿ ಹೆಂಡತಿ ಇದ್ದಾಳಲ್ಲ! ಇದು ಗಂಡನಿಂದ ಹೆಂಡತಿಗೆ ದಾಟಬಹುದು ಎಂದು ಎಷ್ಟೋ ಜನರಿಗೆ ಪಾಠ ಹೇಳಿದವರು ಈಗ ತಮ್ಮ ಮನೆಗೇ ಫೋನು ಹಚ್ಚಿದರು. ಆಕೆಯನ್ನು ಆಸ್ಪತ್ರೆಗೆ ಕರೆಸಿ, ರಕ್ತ ತೆಗೆಯುವ ಕೋಣೆಯ ಬೆಂಚಿನ ಮೇಲೆ ಕೂರಿಸಿ, ವಿಷಯ ಹೇಳಿದರು. ವೈರಸ್ಸಿನ ಹೊರಕವಚದ ಪ್ರೋಟೀನಿನಿಂದ ಶುರುಮಾಡಿದರು, ಪಾಪ, ಬೇರೆ ರೀತಿ ಹೇಳಿ ಅಭ್ಯಾಸವಿಲ್ಲ.

"ಅದೆಲ್ಲ ಇರ್ಲಿ. ಎಷ್ಟು ವರ್ಷದಿಂದ ಇದೆ ಇದು?" ಎಂದು ಆಕೆ ಕೇಳಿದಳು.

"ಗೊತ್ತಿಲ್ಲ."

"ನನಗೂ ಬಂದಿದೆಯಾ?"

"ಗೊತ್ತಿಲ್ಲ ಕಣೇ."

"ನಿಮಗೆ ಗೊತ್ತಿರೋದಾದ್ರೂ ಏನು?"

"ಭಯ ಆಗ್ತಿದೆ," ಎಂದರು ಪ್ರೊಫೆಸರರು.

ಆಕೆ ರವಿಕೆಯ ತೋಳು ಮೇಲಕ್ಕೆ ಮಡಚಿ, ರಕ್ತ ತೆಗೆಯಲು ಬಂದ ನರ್ಸಿನತ್ತ ಒಂದು ಕೈ ಚಾಚಿದಳು. ಇನ್ನೊಂದನ್ನು ಗಂಡ ಹಿಡಿದುಕೊಂಡಾಗ ಕೊಡವಲಿಲ್ಲ.